ಮಾವನ ಕೈಯಳತೆ

ನನ್ನ ಮಾವ ಸುಂದರ ಶೆಟ್ಟರು ಮುಂಬೈಯ ಹೋಟೆಲನ್ನು ಪಾಲುದಾರನಿಗೆ ಬಿಟ್ಟುಕೊಟ್ಟು ಊರಿಗೆ ಬಂದಾಗ ಉಳಿದವರ ಹಾಗೆ ಜಾಗ ತೆಗೆದುಕೊಳ್ಳಲಿಲ್ಲ, ಕಲ್ಯಾಣಮಂಟಪ ಕಟ್ಟಿಸಲಿಲ್ಲ. ಎರಡೇ ಸೀಟಿನ ಒಂದು ನೀಲಿ ಸ್ಪೋರ್ಟ್ಸ್ ಕಾರು ತಂದರು. ಅರವತ್ತೊಂದನೆಯ ವಯಸ್ಸಿನಲ್ಲಿ! ಕಿರಿಮಂಜೇಶ್ವರದ ನಮ್ಮ ಮನೆಯ ಓಣಿಯಲ್ಲಿ ಅದರ ಹೊಟ್ಟೆ ನೆಲಕ್ಕೆ ಉಜ್ಜುತ್ತದೆಂದು ಎರಡು ಲೋಡು ಜಲ್ಲಿ ಹಾಕಿಸಿದರು. ಮೂರು ತಿಂಗಳು ರಾಜನ ಹಾಗೆ ಓಡಿಸಿದರು. ಆಮೇಲೆ ಒಂದು ಬೆಳಿಗ್ಗೆ ಚಾ ಲೋಟ ಕೈಯಿಂದ ಜಾರಿತು, ಮಾತು ತೊದಲಿತು, ಆಸ್ಪತ್ರೆಯಲ್ಲಿ ಹನ್ನೆರಡು ದಿನ ಕಳೆಯಿತು. ಮಾತು ಮರಳಿತು, ನಡಿಗೆ ಸರಿಯಾಯಿತು. ಎಡಗೈಗೆ ಮಾತ್ರ ಹಿಡಿತ ಬರಲಿಲ್ಲ.

ಅಂದಿನಿಂದ ಆ ಕಾರಿನ ಡ್ರೈವರ್ ನಾನು, ಪ್ರಖ್ಯಾತ್, ಅವರ ತಂಗಿಯ ಒಬ್ಬನೇ ಮಗ. ಬೆಳಿಗ್ಗೆ ಒಂಬತ್ತಕ್ಕೆ ಮಾವ ಇಸ್ತ್ರಿ ಅಂಗಿ ಹಾಕಿಕೊಂಡು ಜಗಲಿಗೆ ಬಂದು “ಹೋಪನಾ?” ಎನ್ನುತ್ತಿದ್ದರು. ಎಲ್ಲಿಗೆ? ಎಲ್ಲಿಗೂ ಇಲ್ಲ. ಬೈಂದೂರಿಗೆ ಹೋಗಿ ಪೇಪರ್ ತರುವುದು, ಕುಂದಾಪುರಕ್ಕೆ ಹೋಗಿ ಗೋಳಿಬಜೆ ತಿನ್ನುವುದು, ಮರವಂತೆಯಲ್ಲಿ ಕಾರು ನಿಲ್ಲಿಸಿ, ಅದನ್ನು ನೋಡುವವರನ್ನು ನಾವು ನೋಡುವುದು. ಒಳಗೆ ನನ್ನ ಮೊಣಕಾಲು ತಾಗುವಷ್ಟು ಇಕ್ಕಟ್ಟು, ತಲೆಯ ಮೇಲೆ ನಾಲ್ಕು ಬೆರಳು ಜಾಗವಿಲ್ಲ, ಪಕ್ಕದಲ್ಲಿ ಮಾವ. ಹತ್ತು ತಿಂಗಳು ಹೀಗೆ, ಭಾನುವಾರವೂ ಬಿಡುವಿಲ್ಲ. ಉಸಿರು ಕಟ್ಟುತ್ತಿತ್ತು ಮಾರಾಯ್ರೆ, ಸುಳ್ಳು ಹೇಳುವುದಿಲ್ಲ.

ನನಗೆ ಹೋಗಬೇಕಾಗಿದ್ದದ್ದು ಹಂಗಾರಕಟ್ಟೆಗೆ. ನಾನು ಡಿಪ್ಲೊಮಾ ಮಾಡಿದವನು, ಡೀಸೆಲ್ ಎಂಜಿನ್ ಬಿಚ್ಚಿ ಹರಡಿಕೊಂಡು ಕೂತರೆ ಊಟ ಮರೆಯುವವನು. ಅಲ್ಲಿ ರವಿರಾಜಣ್ಣನಿಗೆ ಬೋಟಿನ ಎಂಜಿನ್ ರಿಪೇರಿಯ ಶೆಡ್ ಇದೆ. ಜೂನ್ ಒಂದರಿಂದ ಎರಡು ತಿಂಗಳು ಮೀನು ಹಿಡಿಯಲು ನಿಷೇಧ, ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಎಲ್ಲ ದಡಕ್ಕೆ ಬಂದು ನಿಲ್ಲುತ್ತವೆ. ವರ್ಷದ ಕೆಲಸವೆಲ್ಲ ಆ ಎರಡು ತಿಂಗಳಲ್ಲೇ. ಏಪ್ರಿಲ್‌ನಲ್ಲಿ ರವಿರಾಜಣ್ಣ ಕರೆದು ಹೇಳಿದ್ದ: “ಒಂದ್ನೇ ತಾರೀಕಿಗೆ ಬಾ. ಶೆಡ್ಡಂಗೆ ಅರ್ಧ ಪಾಲ್ ನಿಂದ್. ಬರ್ದಿದ್ರೆ ನಾ ಬೇರೆಯವ್ರನ್ನ ಕಾಣ್ತೆ, ಬೇಜಾರ್ ಮಾಡ್ಕಂಬ್ಯಾಡ.”

ಅಮ್ಮನಿಗೆ ಹೇಳಿದೆ. ಅಮ್ಮ, ಚಂದ್ರಾವತಿ, ಬಂಗುಡೆ ಮೀನು ಸೀಳುತ್ತಿದ್ದವಳು ಕತ್ತಿಯನ್ನು ಅಲ್ಲೇ ಇಟ್ಟಳು.

“ಮಾವನ್ನ ಹೀಂಗೆ ಬಿಟ್ಟಿಕ್ ಹೋತ್ಯಾ ನೀನ್?”

“ನಾ ಎಂತ ಅಮೆರಿಕಕ್ಕೆ ಹೋತ್ನಾ ಅಮ್ಮ? ಹಂಗಾರಕಟ್ಟೆ! ಬಸ್ಸಂಗೆ ಒಂದೂವರೆ ಗಂಟಿ!”

“ಮಾವ ಒಬ್ರೇ ಕಾರ್ ಬಿಡುಕ್ ಶುರು ಮಾಡ್ಲಿ. ಮತ್ತೆ ಎಲ್ಲಿಗೆ ಬೇಕಾರೂ ಹೋಗ್. ಅಲ್ಲಿವರಿಗೆ ಅವ್ರ್ ಎದ್ರ್ ಈ ಸುದ್ದಿ ಎತ್ತುಕಾಗ. ನನ್ ಮೇಲ್ ಆಣಿ.”

ಆಣೆ ಹಾಕಿಬಿಟ್ಟಳು. ಇನ್ನೇನು ಮಾಡಲಿ? ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರನ್ನು ಸಾಕಿದ್ದು ಮಾವ. ಅವರು ಮದುವೆಯಾಗಲಿಲ್ಲ. ನಮ್ಮ ಕಡೆ ತಂಗಿಯ ಮಗನೆಂದರೆ ಸ್ವಂತ ಮಗನಿಗಿಂತ ಒಂದು ತೂಕ ಹೆಚ್ಚು. ಅದನ್ನು ಹೇಳುವಾಗ ಎಲ್ಲರಿಗೂ ಭಾರಿ ಖುಷಿ. ಆ ಅಳಿಯ ನಾನೇ ಆದ್ದರಿಂದ ನನಗೆ ಖುಷಿ ಸ್ವಲ್ಪ ಕಡಿಮೆ.

ದಾರಿ ತೋರಿಸಿದವರು ಫಿಸಿಯೋಥೆರಪಿಯ ನಿಶ್ಮಿತಾ ಮೇಡಂ. ಕಾರು ಆಟೋಮ್ಯಾಟಿಕ್, ಕಣ್ಣು ಚೆನ್ನಾಗಿದೆ, ಡಾಕ್ಟರು ಒಪ್ಪಿದ್ದಾರೆ. ತೊಂದರೆ ಸ್ಟೀರಿಂಗ್‌ನದ್ದು, ಹಿಡಿಗೆ ತೀರಾ ಸಪೂರ, ನುಣುಪು. ಎಡಗೈಗೆ ಸಿಕ್ಕುವಷ್ಟು ದಪ್ಪ ಮಾಡಿಸಿ ಚರ್ಮ ಹೊದೆಸಿದರೆ ಹತ್ತಿರದ ದಾರಿಗೆ ಅವರೇ ಓಡಿಸಬಹುದು ಎಂದರು. ನನಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಮಾವ ಮಾತ್ರ “ಕಾಂಬ”, ನೋಡೋಣ, ಎಂದಷ್ಟೇ ಹೇಳಿದರು.

ಆ ಕೆಲಸಕ್ಕೆ ನಮ್ಮ ಕಡೆ ಒಬ್ಬನೇ ಮನುಷ್ಯ, ಕುಂಭಾಶಿಯ ದೇವಣ್ಣ. ಹೈವೇ ಬದಿಯಲ್ಲಿ ಅವನ ಸೀಟು ಹೊಲಿಯುವ ಅಂಗಡಿ. ಮೇ ಹದಿನಾರಕ್ಕೆ ನಾನೇ ಕಾರಿನ ಬ್ಯಾಟರಿ ಕಳಚಿ, ಏರ್‌ಬ್ಯಾಗಿನ ಕರೆಂಟು ಇಳಿಯಲೆಂದು ಅರ್ಧ ಗಂಟೆ ಕಾದು, ನಡುವಿನ ನಟ್ಟು ಬಿಚ್ಚಿ, ಸ್ಟೀರಿಂಗನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹೋದೆ. ದೇವಣ್ಣ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

“ಎಷ್ಟ್ ದಪ್ಪ ಬೇಕ್?”

“ಒಳ್ಳೆ ದಪ್ಪ ಮಾಡಿ ದೇವಣ್ಣ.”

“ಹ್ವಾಯ್, ಒಳ್ಳೆ ದಪ್ಪ ಅಂದ್ರೆ ಎಂತ? ಒನಕಿ ಹಾಂಗಾ? ಕೈ ಹೇಳ್ಕ್, ಬಾಯಿ ಅಲ್ಲ.”

ಅವನದ್ದೊಂದು ಕ್ರಮವಿದೆ. ಪೈಪಿನ ಎರಡು ತುಂಡಿಗೆ ಉಪ್ಪು, ಎಣ್ಣೆ ಹಾಕಿ ನಾದಿದ ಮೈದಾ ಹಿಟ್ಟನ್ನು ದಪ್ಪವಾಗಿ ಮೆತ್ತುತ್ತಾನೆ. ಗಾಡಿ ಓಡಿಸುವವರು ಅದನ್ನು ಕಾಲು ಗಂಟೆ, ಸ್ಟೀರಿಂಗ್ ಹಿಡಿದ ಹಾಗೆ, ಎರಡು ಕೈಯಲ್ಲೂ ಹಿಡಿದು ಕೂರಬೇಕು. ಎಲ್ಲಿ ಎಷ್ಟು ಅದುಮಿದೆ, ಎಷ್ಟು ಉಳಿದಿದೆ ಎಂದು ನೋಡಿಕೊಂಡು ಒಳಗೆ ಅಷ್ಟೇ ದಪ್ಪದ ಸ್ಪಂಜು ಕಟ್ಟಿ, ಮೇಲೆ ಚರ್ಮ ಎಳೆದು, ಎರಡು ಸೂಜಿಯಲ್ಲಿ ಮೇಣದ ನೂಲಿನಿಂದ ಕೈಹೊಲಿಗೆ ಹಾಕುತ್ತಾನೆ. ಬಲವಿಲ್ಲದ ಕೈ ಹಿಟ್ಟನ್ನು ಅದುಮುವುದಿಲ್ಲ, ಹಾಗಾಗಿ ಸ್ಟೀರಿಂಗ್ ತಾನಾಗಿಯೇ ದಪ್ಪವಾಗುತ್ತದೆ. ಇದನ್ನೆಲ್ಲ ಅವನು ಅವತ್ತೇ ವಿವರಿಸಿ ಹೇಳಿದ್ದ. ನಾನು ಹೂಂ ಹೂಂ ಎನ್ನುತ್ತ ಬಸ್ಸಿನ ಟೈಮು ನೋಡುತ್ತಿದ್ದೆ.

“ಅಳತಿ ಬಂದ್ ಎಂಟ್ ದಿನಕ್ಕೆ ಕೊಡ್ತೆ,” ಎಂದು ಪೈಪು ಕೊಟ್ಟ.

ಮಾವ ಹಿಡಿಯಲಿಲ್ಲ. ಮೊದಲ ದಿನ ತಲೆನೋವು ಎಂದರು. ಎರಡನೆಯ ದಿನ ಯಾರೋ ಬಂದರು. ಮೂರನೆಯ ದಿನ ಪೈಪಿನ ಹತ್ತಿರ ಕೈ ಒಯ್ದು, ಕೈ ನಡುಗುವುದನ್ನು ನಾನು ನೋಡಿದೆನೆಂದು ಗೊತ್ತಾಗಿ “ನಾಳೆ ಕಾಂಬ” ಎಂದು ಎದ್ದುಹೋದರು. ಪ್ರತಿದಿನ ಹೊಸ ಹಿಟ್ಟು ನಾದುವುದು ನಾನು, ಗಟ್ಟಿಯಾದದ್ದನ್ನು ಕಾಗೆಗೆ ಹಾಕುವುದು ಅಮ್ಮ. ಸ್ಟೀರಿಂಗ್ ಇಲ್ಲದ ಕಾರು ನಮ್ಮ ಮನೆಯ ಶೆಡ್ಡಿನಲ್ಲಿ. ಮಾವ ಸಂಜೆ ಹೋಗಿ ಅದರ ಡ್ರೈವರ್ ಸೀಟಿನಲ್ಲಿ ಬಾಗಿಲು ಹಾಕಿಕೊಂಡು ಸುಮ್ಮನೆ ಕೂತು ಬರುತ್ತಿದ್ದರು. ನೋಡಿದರೆ ಪಾಪ ಅನಿಸುತ್ತಿತ್ತು, ಅದೇ ಗಳಿಗೆಯಲ್ಲಿ ಮೈಯೆಲ್ಲ ಉರಿಯುತ್ತಿತ್ತು. ಮೇ ಇಪ್ಪತ್ತೆರಡು ಬಂತು. ಎಂಟು ದಿನ ಕೂಡಿಸಿದರೆ ಮೂವತ್ತು. ಮತ್ತೆ ಒಂದೇ ದಿನ.

ಆಗ ನಾನು ಮಾಡಿದ ಕೆಲಸ ಕೇಳಿ. ನಾನು ಹುಟ್ಟಿದಾಗ ಅಜ್ಜಿ ಜಲಜ ನನ್ನ ಮುಷ್ಟಿ ಬಿಡಿಸಿ ನೋಡಿ “ಇದ್ ನಮ್ ಸುಂದರನ ಕೈಯೇ” ಎಂದಳಂತೆ. ಅಂದಿನಿಂದ ಮನೆಯವರು, ನೆಂಟರು, ಊರವರು, ಎಲ್ಲರ ಬಾಯಲ್ಲೂ ಅದೇ: ಮಾವನ ಕೈಯೇ ಅಳಿಯನಿಗೆ ಬಂದದ್ದು. ಮಾವನ ಉಂಗುರ ನನಗೆ ಸರಿ, ಗಡಿಯಾರದ ಪಟ್ಟಿ ನನಗೆ ಸರಿ. ಇಪ್ಪತ್ತೇಳು ವರ್ಷ ಕೇಳಿದ ಮಾತು, ಅದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಶೆಡ್ಡಿನ ಹಿಂದೆ ಕೂತು ಆ ಪೈಪನ್ನು ನಾನೇ ಕಾಲು ಗಂಟೆ ಹಿಡಿದೆ. ಎಂಟು ಬೆರಳು, ಎರಡು ಹೆಬ್ಬೆರಳು ಚಂದವಾಗಿ ಮೂಡಿದವು. ಉದ್ದ ಒಂದೇ, ಅಗಲ ಒಂದೇ ಎಂದು ಲೆಕ್ಕ ಹಾಕಿದೆನೇ ಹೊರತು ಬಲ ಒಂದೇ ಅಲ್ಲ ಎನ್ನುವುದು ನನ್ನ ಡಿಪ್ಲೊಮಾ ತಲೆಗೆ ಹೊಳೆಯಲೇ ಇಲ್ಲ!

ದೇವಣ್ಣ ಪೈಪು ನೋಡಿ ಹುಬ್ಬು ಏರಿಸಿದ.

“ಇದ್ ಹುಷಾರಿಲ್ದಿದ್ದವ್ರ್ ಕೈಯಾ ಶೆಟ್ರೆ? ಸಮಾ ಅಮ್ಕಿದ್ರಲ್ದಾ.”

“ಈಗ ಎಷ್ಟೋ ವಾಸಿ ಇತ್ತ್ ದೇವಣ್ಣ. ದಿನಾ ವ್ಯಾಯಾಮ ಮಾಡ್ತ್ರ್.”

ಅವನು ಪೈಪನ್ನು ಒಳಗೆ ತೆಗೆದಿಟ್ಟ. ಅಳತೆ ಬಂತೆಂದು ಮನೆಯಲ್ಲಿ ಹೇಳಿದೆ. ಮಾವ ಹೇಗೆ ಬಂತೆಂದು ಕೇಳಲಿಲ್ಲ. ಅಂದಾಜಿನಲ್ಲಿ ಕೊಟ್ಟಿರಬೇಕೆಂದು ತಿಳಿದು ಅವರಿಗೂ ನಿರಾಳವಾದ ಹಾಗೆ ಕಂಡಿತು.

ಮೇ ಮೂವತ್ತರ ಸಂಜೆ ಸ್ಟೀರಿಂಗ್ ತಂದೆ. ಮೂವತ್ತೊಂದರ ಬೆಳಿಗ್ಗೆ, ಬಿಚ್ಚುವಾಗ ಹಾಕಿದ್ದ ಗುರುತಿಗೆ ಸರಿಯಾಗಿ ಕೂರಿಸಿ, ನಟ್ಟು ಬಿಗಿದು, ವಯರು ಸೇರಿಸಿದೆ. ಕಪ್ಪು ಚರ್ಮ, ನೀಲಿ ಹೊಲಿಗೆ, ಒಂದು ಸುಕ್ಕಿಲ್ಲ. ದೇವಣ್ಣನ ಕೈಗೆ ಚಿನ್ನದ ಕಡಗ ಹಾಕಬೇಕು. ಅಮ್ಮ ಮಾವನನ್ನು ಕರೆದುಕೊಂಡು ಬಂದಳು. ನನ್ನ ಬ್ಯಾಗು ಆಗಲೇ ಕಟ್ಟಿಯಾಗಿತ್ತು.

ಮಾವ ಡ್ರೈವರ್ ಸೀಟಿನಲ್ಲಿ ಕೂತು ಎರಡು ಕೈಯನ್ನೂ ಇಟ್ಟರು. ಬಲಗೈ ನಿಂತಿತು. ಎಡಗೈ ಸ್ವಲ್ಪ ತಿರುಗಿಸುವಷ್ಟರಲ್ಲಿ ಜಾರಿ ತೊಡೆಯ ಮೇಲೆ ಬಿತ್ತು. ಮತ್ತೆ ಇಟ್ಟರು, ಮತ್ತೆ ಬಿತ್ತು. ದಪ್ಪವಾಗಿರಲೇ ಇಲ್ಲ ಅದು. ಬೆರಳು ಕೂರುವ ಸಣ್ಣ ಸಣ್ಣ ತಗ್ಗು ಮಾತ್ರ ಇತ್ತು, ಬಲವಾಗಿ ಹಿಡಿಯುವ ಕೈಗೆ ಬೇಕಾದ ಹಾಗೆ. ಆಗ ನನಗೆ ಎಲ್ಲ ಅರ್ಥವಾಯಿತು.

ಮಾವ ಒಂದೊಂದೇ ತಗ್ಗಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು. ಆಮೇಲೆ ಇಳಿದು, “ನೀ ಕೂಕೊ” ಎಂದರು. ಕೂತೆ. “ಹಿಡಿ” ಎಂದರು. ಹಿಡಿದೆ. ನನ್ನ ಹತ್ತು ಬೆರಳೂ ಅವುಗಳ ಜಾಗದಲ್ಲಿ ಹೋಗಿ ಕೂತವು.

“ಚಂದ್ರಾ, ಇಲ್ಲ್ ಕಾಣೇ,” ಎಂದು ಮಾವ ಅಮ್ಮನನ್ನು ಕರೆದರು. “ಇವ ತನ್ನ ಕೈಗೇ ಮಾಡ್ಸಿದ್ದ! ನಾ ಹಿಡಿಲಿಲ್ಲೆ ಅಂದೇಳಿ ಬೇಜಾರ್ ಮಾಡ್ಲಿಲ್ಲೆ, ಒಂದ್ ಮಾತ್ ಆಡ್ಲಿಲ್ಲೆ. ಮಾವಂಗೆ ಆತಿಲ್ಲೆ, ಇನ್ ಕಾರ್ ನಾನೇ ಬಿಡುದ್ ಅಂದೇಳಿ ಅಳತಿ ಕೊಟ್ ಬಂದಿದ್ದ.”

“ಹಾಂಗಲ್ಲ ಮಾವ…” ಎಂದೆ.

“ನೀ ಸುಮ್ನಿರ್. ನಂಗ್ ಗೊತ್ತಾತ್ತ್.” ಕಣ್ಣು ಒರೆಸಿಕೊಂಡರು. ಮಾವ ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅಮ್ಮ ಅವರ ಬೆನ್ನ ಹಿಂದಿನಿಂದ ನನ್ನನ್ನೇ ದುರುಗುಟ್ಟಿ ನೋಡಿದಳು. ಅವಳಿಗೆ ಬ್ಯಾಗಿನ ವಿಷಯ ಗೊತ್ತಿತ್ತಲ್ಲ. ನಿಜ ಹೇಳುವುದಾದರೆ ಏನೆಂದು ಹೇಳಲಿ? ನಿಮ್ಮನ್ನು ಬಿಟ್ಟುಹೋಗುವ ಅವಸರಕ್ಕೆ ಕಳ್ಳ ಅಳತೆ ಕೊಟ್ಟೆ ಎಂದೇ?

“ಆನೆಗುಡ್ಡೆಗೆ ಹೋಯಿ ಪೂಜೆ ಮಾಡ್ಸ್ಕಂಡ್, ಹಾಂಗೇ ಬ್ರಹ್ಮಾವರದ ಬದಿಗೆ ಹೋಪ,” ಎಂದರು ಮಾವ.

ಕುಂಭಾಶಿಯ ಆನೆಗುಡ್ಡೆ ಗಣಪತಿಯ ಎದುರು ಪೂಜೆಯಾಯಿತು. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದೆ. ತೆಕ್ಕಟ್ಟೆ, ಕೋಟ ದಾಟಿದೆವು. ಮಾವ ಮುಂಬೈಯ ಹಳೆ ಗೆಳೆಯರಿಗೆಲ್ಲ ಫೋನು ಹಚ್ಚಿ, ನನ್ನ ಅಳಿಯ ಹೀಗೆ ಮಾಡಿದ ಎಂದು ಒಬ್ಬೊಬ್ಬರಿಗೂ ಮೊದಲಿನಿಂದ ಹೇಳಿದರು. ಪಕ್ಕದಲ್ಲಿ ಕೂತು ನನ್ನ ಗುಣಗಾನ ನಾನೇ ಕೇಳಬೇಕು. ಎ.ಸಿ. ಹಾಕಿದ್ದರೂ ಬೆನ್ನು ಒದ್ದೆಯಾಗಿತ್ತು.

ಸಾಸ್ತಾನದ ಟೋಲ್‌ಗೇಟಿನ ಸಾಲಿನಲ್ಲಿ ನಿಂತಿದ್ದಾಗ ನನ್ನ ಫೋನಿಗೆ ಕರೆ ಬಂತು. ಅದು ಕಾರಿಗೇ ಸೇರಿಸಿದ್ದ ಫೋನು, ಪರದೆಯ ಮೇಲೆ ರವಿರಾಜಣ್ಣನ ಹೆಸರು. ನಾನು ಕೈ ಎತ್ತುವ ಮೊದಲೇ ಮಾವ ಒತ್ತಿಬಿಟ್ಟರು. ಕಾರಿನ ತುಂಬ ರವಿರಾಜಣ್ಣನ ದೊಡ್ಡ ಸ್ವರ:

“ಪ್ರಖ್ಯಾತ್, ನಾಳೆ ಒಂದ್ನೇ ತಾರೀಕ್ ಮಾರಾಯ! ಹನ್ನೊಂದ್ ಬೋಟ್ ಮೇಲ್ ಬಂದಿತ್. ನೀ ಬತ್ಯಾ, ಇಲ್ಯಾ? ಶೆಡ್ಡಂಗೆ ಪಾಲಿಗೆ ಗಂಗೊಳ್ಳಿಯವ ಒಬ್ಬ ಇಲ್ಲೇ ಬಂದ್ ಕೂತಿದ್ದ. ಒಂದ್ ಮಾತ್ ಹೇಳ್.”

ಮಾವ ಬೈದಿದ್ದರೆ ನಾನು ಗೆದ್ದಿರುತ್ತಿದ್ದೆ. ಬೈಗುಳಕ್ಕೆ ಎದುರುತ್ತರ ಕೊಡುವುದರಲ್ಲಿ ನಾನು ಹಿಂದೆ ಬೀಳುವವನಲ್ಲ. ಅವರು ಬೈಯಲಿಲ್ಲ. ಪ್ರಸಾದದ ಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡು ಎದುರಿನ ಲಾರಿಯನ್ನು ನೋಡುತ್ತಿದ್ದರು. ಮುಖದಲ್ಲಿ ಇನ್ನೂ ಆ ಬೆಳಗಿನ ಸಂತೋಷವೇ ಇತ್ತು.

“ಬತ್ತಿಲ್ಲೆ ರವಿಯಣ್ಣ,” ಎಂದೆ. “ನೀವ್ ಅವ್ನನ್ನೇ ಸೇರ್ಸ್ಕಣಿ.”

“ಸರಿ ಹಂಗಾರೆ.” ಫೋನು ಕಟ್ಟಾಯಿತು.

ಗೇಟು ಎದ್ದಿತು. ಸ್ವಲ್ಪ ದೂರ ಹೋದ ಮೇಲೆ ಮಾವ ಕೇಳಿದರು: “ಬೋಟಿನ ಎಂಜಿನ್ ಕೆಲ್ಸನಾ?”

“ಹೌದ್ ಮಾವ.”

“ಪಾಲ್ ಕೊಡ್ತೆ ಅಂದಿದ್ನಾ?”

“ಹೌದ್.”

“ಒಳ್ಳೆ ಕೆಲ್ಸ ಅಲ್ದಾ ಮಗಾ ಅದ್! ನೀ ಒಂದ್ ಮಾತ್ ಹೇಳಿದ್ರೆ ನಾನೇ ಬಂದ್ ಬಿಟ್ಟಿಕ್ ಹೋತಿದ್ದೆ. ಡ್ರೈವರ್ ಎಂತ, ಹತ್ತ್ ಜನ ಸಿಕ್ತ್ರ್.” ಹೇಳಿ ನಕ್ಕರು. “ಆದ್ರೆ ನೀ ಹೋಪವ ಅಲ್ಲ ಬಿಡ್. ಹೋಪವ ಇದ್ದಿದ್ರೆ ತನ್ನ ಕೈ ಅಳತಿ ಕೊಡ್ತಿದ್ನಾ?”

ಅವರ ಬಲಗೈ ಬಂದು ನನ್ನ ಮೊಣಕಾಲನ್ನು ಮೆಲ್ಲಗೆ ತಟ್ಟಿತು. ಈಗಲೂ ಹೇಳಬಹುದಿತ್ತು. ಗಂಗೊಳ್ಳಿಯವನು ಇನ್ನೂ ಎದ್ದಿರಲಿಕ್ಕಿಲ್ಲ, ರವಿರಾಜಣ್ಣನಿಗೆ ತಿರುಗಿ ಫೋನು ಮಾಡಿದರೆ ಆಗುತ್ತಿತ್ತು. ಅದಕ್ಕೆ ಮೊದಲು ಮಾವನಿಗೆ ಒಂದು ಮಾತು ಹೇಳಬೇಕಿತ್ತು, ಆ ಅಳತೆ ಯಾಕೆ ಕೊಟ್ಟೆನೆಂದು. ಹಂಗಾರಕಟ್ಟೆಗೆ ತಿರುಗುವ ದಾರಿ ಬಲಗಡೆಗೆ ಬಂತು, ಹೋಯಿತು. ನನಗೆ ಜೋರಾಗಿ ಅಳಬೇಕೆನಿಸಿತು. ಮಾವ ಮುಂಬೈಯ ಮತ್ತೊಬ್ಬ ಗೆಳೆಯನ ನಂಬರು ಹುಡುಕುತ್ತಿದ್ದರು.

“ಬ್ರಹ್ಮಾವರದಂಗೆ ಎಲ್ಲಿ ನಿಲ್ಸುದ್ ಮಾವ?” ಎಂದು ಕೇಳಿದೆ.