ಮೂವರು ಬ್ಲಾಸ್ ಎಕ್ಸ್‌ಪೋಸಿತೋ

ಅನಾಥಾಲಯದ ಗೋಡೆಯಲ್ಲಿ ತಿರುಗುವ ಮರದ ಗೂಡೊಂದಿತ್ತು. ಹೊರಗಿನಿಂದ ಕೂಸನ್ನಿಟ್ಟು, ಗೂಡು ತಿರುಗಿಸಿ, ಗಂಟೆ ಬಾರಿಸಿದರೆ ಒಳಗಿನವರು ಎತ್ತಿಕೊಳ್ಳುತ್ತಿದ್ದರು. ಇಟ್ಟವರ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಹಾಗೆ ಬಂದ ಮಕ್ಕಳಿಗೆಲ್ಲ ಮನೆತನದ ಹೆಸರು ಒಂದೇ: ಎಕ್ಸ್‌ಪೋಸಿತೋ. ಬಿಟ್ಟುಹೋದ ಕೂಸು ಎಂದರ್ಥ. ಅದಕ್ಕೆ ಮೊದಲು, ಆ ದಿನ ಯಾವ ಸಂತನ ಹಬ್ಬವೋ ಅವನ ಹೆಸರು ಅಂಟಿಸಿದರೆ ಮುಗಿಯಿತು.

ಒಬ್ದೂಲಿಯಾ ಇದನ್ನೆಲ್ಲ ತಿಳಿದೇ ಸಂತ ಬ್ಲಾಸನ ಹಬ್ಬದ ಬೆಳಗ್ಗೆ ತನ್ನ ಹತ್ತು ದಿನದ ಗಂಡುಕೂಸನ್ನು ಅಲ್ಲಿಟ್ಟಿದ್ದಳು. ಮದುವೆಯಾಗದವಳು ಮಗು ಸಾಕಿದರೆ ಊರು ಬಿಟ್ಟೀತೇ? ಆದರೆ ಅಕ್ಕ ಫುಯೆನ್ಸಾಂತಾಳ ಕೂಸು ಆ ವಾರವೇ ತೀರಿಕೊಂಡಿತ್ತು. ಅನಾಥಾಲಯದವರು ಹಾಲುಣಿಸಿ ಸಾಕಲೆಂದು ಹಳ್ಳಿಯ ಅಂಥ ಹೆಂಗಸರಿಗೆ ಮಕ್ಕಳನ್ನು ಕೊಡುತ್ತಿದ್ದರು. ಅಕ್ಕ ಪಾದ್ರಿಯಿಂದ ಬರೆಸಿಕೊಂಡ ಚೀಟಿ ಹಿಡಿದು, ಅಕ್ಕನ ಕರಿ ಶಾಲು ಹೊದ್ದು, ತಾನೇ ಅಕ್ಕನೆಂಬಂತೆ ಐದನೆಯ ದಿನ ಒಬ್ದೂಲಿಯಾ ಅನಾಥಾಲಯಕ್ಕೆ ಬಂದಳು. ತನ್ನ ಮಗನನ್ನೇ ಅಕ್ಕನ ಸಾಕುಮಗನೆಂದು ಮನೆಗೆ ಒಯ್ಯಬೇಕು, ಊರ ಬಾಯಿಗೆ ಬೀಗ ಬೀಳಬೇಕು. ಪಾಪ, ಎಲ್ಲ ಯೋಚಿಸಿದ್ದಳು, ಬೇರೆಯವರೂ ಹೆರುತ್ತಾರೆ ಎನ್ನುವುದೊಂದನ್ನು ಬಿಟ್ಟು.

ಬ್ಲಾಸ್ ಅನ್ನೋ ಕೂಸಿದ್ದರೆ ಕೊಡಿ, ಸತ್ತ ಮಗುವಿಗೂ ಅದೇ ಹೆಸರಿಡಬೇಕೆಂದಿದ್ದೆ ಎಂದು ಕನ್ಯಾಸ್ತ್ರೀಯನ್ನು ಕೇಳಿಕೊಂಡಳು.

“ಮೂರಿದಾವೆ ನೋಡಮ್ಮ. ಮೂರೂ ಬ್ಲಾಸ್ ಎಕ್ಸ್‌ಪೋಸಿತೋನೇ. ಅವತ್ತು ಗಂಟೆ ನಿಲ್ಲಲೇ ಇಲ್ಲ.”

ಮೂರನೆಯ ತೊಟ್ಟಿಲಲ್ಲಿದ್ದವನು ತನ್ನವನೆಂದು ನೋಡುತ್ತಲೇ ತಿಳಿಯಿತು. ಆದರೆ ಅದೇ ಬೇಕೆಂದು ಬೆರಳು ತೋರಿಸುವಂತಿಲ್ಲ. ಹೆತ್ತವಳೆಂದು ಗೊತ್ತಾದರೆ ಕೂಸನ್ನು ಕೊಡುತ್ತಲೇ ಇರಲಿಲ್ಲ, ದೂರದ ಸೀಮೆಗೆ ಸಾಗಿಸಿಬಿಡುತ್ತಿದ್ದರು. ಕನ್ಯಾಸ್ತ್ರೀ ಮೊದಲನೆಯದನ್ನು ಎತ್ತಿ ಅವಳ ಕೈಗಿಟ್ಟಳು. ಮೂರನೆಯದನ್ನು ಬೆಂಚಿನ ಮೇಲೆ ಕಾಯುತ್ತಿದ್ದ ಕಸಿಲ್ದಾ ಎಂಬ ಇನ್ನೊಬ್ಬ ಹಾಲುಣಿಸುವ ಹೆಂಗಸಿಗೆ ಕೊಟ್ಟಳು. ಆಗ ಅದು ಅತ್ತಿತು. ಒಬ್ದೂಲಿಯಾಳ ಕುಪ್ಪಸ ಹಾಲಿನಿಂದ ತೊಯ್ದುಹೋಯಿತು. ಕನ್ಯಾಸ್ತ್ರೀ ಅದನ್ನು ಕಂಡು, ಒಳ್ಳೇ ಹಾಲಿದೆ ಎಂದು ಮೆಚ್ಚಿಕೊಂಡಳು.

ಆಲಿವ್ ತೋಪುಗಳ ನಡುವೆ ದಾರಿ ಕವಲೊಡೆಯುವವರೆಗೆ ಇಬ್ಬರೂ ಜೊತೆಗೇ ನಡೆದರು. ಅಲ್ಲಿ ಒಬ್ದೂಲಿಯಾ ಕುಸಿದು ಕಸಿಲ್ದಾಳ ಕಾಲು ಹಿಡಿದಳು. ಎಲ್ಲ ಹೇಳಿದಳು. ಅದಲುಬದಲು ಮಾಡಿಕೊಳ್ಳೋಣ ಅಕ್ಕಾ ಎಂದು ಗೋಗರೆದಳು.

ಕಸಿಲ್ದಾ ಕೂಸಿನ ಕೊರಳಿನ ಸೀಸದ ಬಿಲ್ಲೆ ತೋರಿಸಿದಳು. ಅದರ ಮೇಲೆ ನಂಬರು. ಯಾವ ನಂಬರು ಯಾರ ಮನೆಯಲ್ಲಿ ಎಂದು ಊರೂರ ಪಾದ್ರಿಗಳ ಹತ್ತಿರ ಬರೆದಿರುತ್ತದೆ. ಬಿಲ್ಲೆಯ ದಾರ ಕತ್ತರಿಸಿದರೆ ಇಬ್ಬರಿಗೂ ಕೂಸಿಲ್ಲ.

“ನಂಬರ್ ಹಾಳಾಗ್ಲಿ ತಂಗಿ. ನಂದು ಹೋಗಿ ನಾಕ್ ದಿನ ಆಯ್ತು. ಇದು ಆಗ್ಲೇ ನನ್ ಎದೆ ಚೀಪೈತೆ. ನನ್ ಕೈಲಿ ಕೊಡಕ್ಕಾಗಕಿಲ್ಲ.” ಆದರೂ ಕೂಸನ್ನು ಮುಂದೆ ಚಾಚಿ, “ಒಂದ್ಸಲ ಕುಡಿಸ್ಕೋ. ಆಮೇಲೆ ಕೊಟ್ಬಿಡ್ಬೇಕು” ಎಂದಳು.

ಮರದ ಕೆಳಗೆ ಕೂತು ಇವಳ ಕೂಸಿಗೆ ಅವಳು, ಅವಳ ಕೂಸಿಗೆ ಇವಳು ಹಾಲುಣಿಸಿದರು. ಮಗ ನಿದ್ದೆಹೋದ. ಒಬ್ದೂಲಿಯಾ ಮಾತಿನಂತೆ ಕೊಟ್ಟಳು. ಯಾವೂರು ಎಂದು ಕೇಳಿದ್ದಕ್ಕೆ ಕಸಿಲ್ದಾ, ಹೇಳಿದರೆ ನೀನು ಬರುತ್ತೀಯ ಎಂದು ಎಡದಾರಿ ಹಿಡಿದಳು.

ಮನೆಗೆ ತಂದ ಬ್ಲಾಸನೂ ಅವಳ ಹಾಲು ಕುಡಿದೇ ಬೆಳೆದ. ಬಂಗಾರದಂಥ ಹುಡುಗ, ಅವನ ಮೇಲೆ ಅವಳಿಗೆ ಪ್ರೀತಿಯಿರಲಿಲ್ಲವೆಂದಲ್ಲ. ಆದರೂ ಇಪ್ಪತ್ತು ವರ್ಷ, ಆಲಿವ್ ಕೊಯ್ಲಿಗೆ ಬೇರೆ ಊರಿನವರು ಬಂದಾಗಲೆಲ್ಲ ಅವರ ಹೆಸರು ವಿಚಾರಿಸುತ್ತಿದ್ದಳು. ಆ ಸೀಮೆಯಲ್ಲಿ ಎಕ್ಸ್‌ಪೋಸಿತೋಗಳಿಗೇನು ಬರ? ಕಲ್ಲು ಒಗೆದರೆ ಒಬ್ಬನಿಗೆ ತಾಗುತ್ತಿತ್ತು. ಬ್ಲಾಸ್ ಎಂದವನ ಮುಖವನ್ನು ಹಿಡಿದು ಹಿಡಿದು ನೋಡುತ್ತಿದ್ದಳು.

ಒಂದು ಕೊಯ್ಲಿನಲ್ಲಿ ಮನೆಯ ಬ್ಲಾಸ್ ಆಲಿವ್ ಉದುರಿಸುವ ಕೋಲು ಕೆಳಗಿಟ್ಟು ಅವಳ ಹತ್ತಿರ ಬಂದು ಕೂತ.

“ಬ್ಲಾಸ್ ಎಕ್ಸ್‌ಪೋಸಿತೋ ನಾನೇ ಅಲ್ವಾ ಚಿಕ್ಕಮ್ಮಾ? ಇನ್ಯಾರನ್ನ ಹುಡುಕ್ತಿದೀಯ?”

ಅವಳು ಅವನ ಕೂದಲಿಗೆ ಸಿಕ್ಕಿದ್ದ ಎಲೆಯನ್ನು ತೆಗೆದಳು.