ನಕ್ಷೆಯಿಂದ ತೆಗೆದ ನಡುಗಡ್ಡೆ

ಸಮುದ್ರಕ್ಕೆ ಚೆಲ್ಲಿದ ಎಣ್ಣೆ ಯಾವ ದಡ ಸೇರುತ್ತದೆಂದು ಮೊದಲೇ ಹೇಳುವ ಪ್ರೋಗ್ರಾಮ್ ಬರೆಯುವುದು ಯಾದಿರಾಳ ಕೆಲಸ. ಕಡಲತಡಿಯ ಕಾರ್ತಹೇನಾ ನಗರದ ಕಚೇರಿಯಲ್ಲಿ ಅದು ಆಮೆಯಂತೆ ತೆವಳುತ್ತಿದ್ದಾಗ, ತೀರಾ ಸಣ್ಣ ನಡುಗಡ್ಡೆಗಳನ್ನು ನಕ್ಷೆಯಿಂದ ತೆಗೆದುಹಾಕುವ ಪುಟ್ಟ ಕೋಡ್ ತುಣುಕೊಂದನ್ನು ಅವಳೇ ಸೇರಿಸಿದ್ದಳು. ಪ್ರೋಗ್ರಾಮ್ ಚುರುಕಾಯಿತು, ಎಲ್ಲರೂ ಬೆನ್ನು ತಟ್ಟಿದರು, ಅವಳು ಅದನ್ನು ಮರೆತೇಬಿಟ್ಟಳು.

ಈ ವಾರ ಹಡಗೊಂದರಿಂದ ಎಣ್ಣೆ ಸೋರಿತು. ಅವಳ ನಕ್ಷೆಯಲ್ಲಿ ಎಣ್ಣೆ ಬರೀ ನೀರಿನ ಮೇಲೆ ಹಾದುಹೋಗಿತ್ತು. ಹಾಗಾಗಿ ಎಣ್ಣೆ ತಡೆಯುವ ತೇಲುಬೇಲಿಗಳನ್ನೆಲ್ಲ ಬೇರೆ ದಡಗಳಿಗೆ ಕಟ್ಟಿದರು. ಎಣ್ಣೆ ನೆಟ್ಟಗೆ ಹೋಗಿ ಮೆತ್ತಿಕೊಂಡಿದ್ದು ಹೆಜ್ಜಾರ್ಲೆ ಹಕ್ಕಿಗಳು ಗೂಡು ಕಟ್ಟುವ ಪುಟ್ಟ ನಡುಗಡ್ಡೆಗೆ. ಚಿಕ್ಕಂದಿನಲ್ಲಿ ಅಣ್ಣ ಎಲಿಯೆಸೆರ್‌ನ ದೋಣಿಯಲ್ಲಿ ಹೋಗಿ, ಅವನು ಹುರಿದುಕೊಟ್ಟ ಮೀನನ್ನು ತೆಂಗಿನಕಾಯಿ ಅನ್ನದ ಜೊತೆ ಅವಳು ತಿನ್ನುತ್ತಿದ್ದ ಜಾಗ ಅದು.

ಈಗ ಇಬ್ಬರೂ ಅಲ್ಲೇ ಕೂತು, ಎಣ್ಣೆಯಲ್ಲಿ ಕಪ್ಪಾದ ಮರಿಯೊಂದನ್ನು ಒರೆಸುತ್ತಿದ್ದರು.

"ನಿನ್ನ ಕಂಪ್ಯೂಟರ್‌ಗೆ ಈ ಜಾಗ ಗೊತ್ತಿರ್ಲಿಲ್ವೇನೇ?" ಎಂದ ಎಲಿಯೆಸೆರ್.

"ಗೊತ್ತಿತ್ತು ಅಣ್ಣ. ತುಂಬಾ ಸಣ್ಣದು ಅಂತ ನಾನೇ ತೆಗೆದುಹಾಕಿಸಿದ್ದೆ."

ಅವನು ಬೈಯಲಿಲ್ಲ. ಬೈದಿದ್ದರೆ ಅವಳ ಮನಸ್ಸಾದರೂ ಹಗುರಾಗುತ್ತಿತ್ತು. ಮರಿಯ ಕೊಕ್ಕನ್ನು ಮೆಲ್ಲಗೆ ಒರೆಸುತ್ತ ಕೇಳಿದ: "ಅಷ್ಟು ಸಣ್ಣದಾಗಿದ್ರೆ ಎಣ್ಣೆಗೆ ಹೆಂಗೆ ಕಾಣಿಸ್ತು ಮಾರಾಯ್ತಿ?"