ಇನ್ನೂರ ಹನ್ನೊಂದನೆಯ ಸಾಲು

ಸುಭದ್ರಾ ಕಾಲಿನ ಚಪ್ಪಲಿ ಕಳಚಿ ಹೊಡೆದಾಗ ತೋಂಟೇಶ ಕೈ ಅಡ್ಡ ಹಿಡಿಯಲಿಲ್ಲ. ಎರಡನೆಯ ಏಟಿಗೆ ತುಟಿ ಒಡೆದು ರಕ್ತ ಅಂಗಿಯ ಮೇಲೆ ಬಿತ್ತು.

"ನನ್ನ ಗಂಡ ತನ್ನ ಕೈ ತಾನ ಜಜ್ಜಿಕೊಂಡಾನಂತ ಬರೀತೀರೇನು? ನಿಮ್ಮ ಕೈ ಸೇದಿ ಹೋಗಲಿ!"

ಕಾವಲುಗಾರರು ಅವಳನ್ನು ಎಳೆದುಕೊಂಡು ಹೋದರು. ಚಪ್ಪಲಿ ಮಾತ್ರ ಮೇಜಿನ ಕೆಳಗೆ ಉಳಿಯಿತು.

ಕಂಟೋನ್ಮೆಂಟಿನ ಹೋಟೆಲುಗಳಿಗೆ ಕಾರು ಎತ್ತಿ ನಿಲ್ಲಿಸುವ ಲಿಫ್ಟು ಮಾಡುವ ಕಂಪನಿ ಅದು. ಸುಭದ್ರಾಳ ಗಂಡ ರಾಮು ಅಲ್ಲಿ ಫಿಟ್ಟರ್. ಆ ಹಿಂದಿ ಊರಿನಲ್ಲಿ ಕನ್ನಡದವರಿರುವ ಜಂಗಮವಾಡಿಯ ಗಲ್ಲಿಯಲ್ಲಿ ತೋಂಟೇಶನ ಪಕ್ಕದ ಮನೆಯವನೇ. ನಿನ್ನೆ ಬೆಳಿಗ್ಗೆ ಲಿಫ್ಟಿನ ಬಾಗಿಲು ತೆರೆದು ಒಳಗೆ ಕೈ ಹಾಕಿದ್ದಾಗ ಕಾರು ನಿಲ್ಲುವ ಕಬ್ಬಿಣದ ಹಲಗೆ ಇಳಿಯಿತು. ಮೊಣಕೈವರೆಗೆ ಎಲುಬು ಪುಡಿಯಾಯಿತು. ಹಲಗೆ ಮೇಲೆತ್ತಿದಾಗ ಅವನು ಚೀರಿದ್ದು ತೋಂಟೇಶನ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ಯಂತ್ರ ಏನು ಮಾಡಬೇಕು, ಏನು ಮಾಡಬಾರದು ಎಂದು ಸಾಲುಸಾಲಾಗಿ ಬರೆದಿಡುವ ಸಾಫ್ಟ್‌ವೇರ್ ಕಂಪನಿಯಲ್ಲಿತ್ತು. ಆ ಸಾಲುಗಳನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂದು ನೋಡಿಕೊಳ್ಳುವುದೇ ತೋಂಟೇಶನ ಕೆಲಸ. ಇನ್ನೂರ ಹನ್ನೊಂದನೆಯ ಸಾಲು: ಬಾಗಿಲು ತೆರೆದಿರುವಾಗ ಹಲಗೆ ಕದಲಬಾರದು. ಹತ್ತು ದಿನಗಳ ಹಿಂದೆ ಅದು ಮಾಯವಾಗಿತ್ತು. ದಾಖಲೆಯಲ್ಲಿ ಅಳಿಸಿದವರು: ರಾಮು.

ಇಂಗ್ಲಿಷಿನ ಆ ಸಾಲನ್ನು ಓದಲೂ ರಾಮುವಿಗೆ ಬರುತ್ತಿರಲಿಲ್ಲ. ಆದರೆ ಅವನ ಹೆಸರಿನಿಂದ ಯಾರು ಬೇಕಾದರೂ ಒಳಗೆ ಹೋಗಬಹುದಿತ್ತು. ಹೋದ ತಿಂಗಳು ಫಿಟ್ಟರ್‌ಗಳಿಗೆ ಸಾಫ್ಟ್‌ವೇರ್ ತೆರೆಯುತ್ತಿರಲಿಲ್ಲ. "ಭಯ್ಯಾ, ಖುಲ್ ನಹೀ ರಹಾ" ಎಂದು ಗಳಿಗೆಗೊಂದು ಫೋನು. ಒಬ್ಬೊಬ್ಬರ ಅನುಮತಿಯನ್ನೂ ಪರೀಕ್ಷಿಸಲು ಬೇಸರಪಟ್ಟು, ತೋಂಟೇಶ ರಾಮುವಿನ ಹೆಸರಿಗೆ ತಿದ್ದುವ ಅಧಿಕಾರವನ್ನೇ ಕೊಟ್ಟು, ಎಲ್ಲರೂ ಅದನ್ನೇ ಬಳಸಿರೆಂದ. ಅವರು ಪಾಸ್‌ವರ್ಡನ್ನು ವರ್ಕ್‌ಶಾಪಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಆಮೇಲೆ ತೆಗೆದರಾಯಿತು ಎಂದುಕೊಂಡಿದ್ದ ತೋಂಟೇಶ. ಆ ಆಮೇಲೆ ಬರಲೇ ಇಲ್ಲ.

ಇವತ್ತು, ಯಾವ ಸಾಲನ್ನು ಯಾರು, ಯಾವ ಕಂಪ್ಯೂಟರಿನಿಂದ ತಿದ್ದಿದರೆಂದು ತೋರಿಸುವ ಚರಿತ್ರೆಯ ಪುಟ ಬಿಚ್ಚಿ ನೋಡಿದರೆ, ಅಳಿಸಿದ ಕಂಪ್ಯೂಟರು ಮ್ಯಾನೇಜರ್ ಶೇಷಗಿರಿಯ ಕೋಣೆಯದು. ಬಾಗಿಲಿನ ಪರೀಕ್ಷೆಯಲ್ಲಿ ಲಿಫ್ಟು ಮತ್ತೆಮತ್ತೆ ನಪಾಸಾಗುತ್ತಿತ್ತು. ಆ ಪುಣ್ಯಾತ್ಮ, ಲಿಫ್ಟು ಸರಿಮಾಡುವ ಬದಲು ಸಾಲನ್ನೇ ಅಳಿಸಿದ್ದ. ಸಾಲಿಲ್ಲದಿದ್ದರೆ ಅದರ ಪರೀಕ್ಷೆಯೂ ಇಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ನಾಲ್ಕಕ್ಕ ಪೊಲೀಸರು ಬರ್ತಾರ," ಎಂದಿದ್ದ ಶೇಷಗಿರಿ. "ರಾಮೂನ ಹೆಸರಷ್ಟ ಕಾಣಬೇಕು. ಉಳಿದದ್ದು ಮುಚ್ಚು."

ಮೂರೂವರೆಗೆ ತೋಂಟೇಶ ತುಟಿ ಒರೆಸಿಕೊಂಡು ಕೂತ. ಚರಿತ್ರೆಯ ಪುಟವನ್ನು ಕಂಪನಿಯವರೆಲ್ಲ ಓದುವಂತೆ ತೆರೆದ. ಯಾರೂ ತಿದ್ದದಂತೆ ಬೀಗ ಹಾಕಿದ. ಕೊನೆಗೆ, ಅಧಿಕಾರ ಇದ್ದವರ ಪಟ್ಟಿಯಿಂದ ತನ್ನ ಹೆಸರನ್ನೂ ಕಿತ್ತುಹಾಕಿದ. ಇನ್ನು ಆ ಬೀಗ ತೆಗೆಯಬೇಕಾದರೆ ಪುಣೆಯ ಮುಖ್ಯ ಕಚೇರಿಯೇ ತೆಗೆಯಬೇಕು.

ಐದು ನಿಮಿಷದಲ್ಲಿ ಶೇಷಗಿರಿ ಅದನ್ನು ನೋಡಿ ಓಡಿಬಂದು ಬಾಗಿಲ ಚಿಲಕ ಹಾಕಿದ. ತೋಂಟೇಶನ ಕೂದಲು ಹಿಡಿದು ಮುಖವನ್ನು ಮೇಜಿಗೆ ಕುಟ್ಟಿದ, ಮೂಗಿನ ಎಲುಬು ಲಟಕ್ಕೆಂದಿತು.

"ಮುಚ್ಚಲೇ!"

"ಆಗೂದಿಲ್ಲ ಸರ್. ನನಗೂ ಅಧಿಕಾರ ಇಲ್ಲ ಈಗ."

ಶೇಷಗಿರಿ ನಂಬಲಿಲ್ಲ. ತೋಂಟೇಶನ ಬಲಗೈಯ ತೋರುಬೆರಳನ್ನು ಹಿಂದಕ್ಕೆ ಮಡಚುತ್ತ ಹೋದ. ತೋಂಟೇಶ ರಾಮುವಿನಂತೆಯೇ ಚೀರಿದ. ಬೆರಳು ಮುರಿದು, ಶೇಷಗಿರಿ ತಾನೇ ಒತ್ತಿ ನೋಡಿದರೂ ಪರದೆಯ ಮೇಲೆ ಅದೇ ಮಾತು: ನಿಮಗೆ ಅನುಮತಿಯಿಲ್ಲ. ಶೇಷಗಿರಿ ಪರದೆಯನ್ನೇ ಎತ್ತಿ ಗೋಡೆಗೆ ಅಪ್ಪಳಿಸಿದ. ಅದರಿಂದ ಏನೂ ಅಳಿಯಲಿಲ್ಲ.

ಚೀರಾಟ ಕೇಳಿ ಫಿಟ್ಟರ್‌ಗಳು ಬಾಗಿಲು ಒದ್ದು ಮುರಿದರು. ಶೇಷಗಿರಿಯನ್ನು ನೆಲಕ್ಕೆ ಕೆಡವಿ ತುಳಿದರು. ಪೊಲೀಸರು ಬರುವುದು ಇನ್ನಷ್ಟು ತಡವಾಗಿದ್ದರೆ ಅವನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಪೊಲೀಸರ ಹಿಂದೆಯೇ ಸುಭದ್ರಾ ಬಂದಳು, ಒಂದು ಕಾಲಿಗೆ ಮಾತ್ರ ಚಪ್ಪಲಿ.

ತೋಂಟೇಶ ಇನ್ನೊಂದು ಕಂಪ್ಯೂಟರಿನಲ್ಲಿ ಪುಟ ತೆರೆಸಿದ. ಇನ್‌ಸ್ಪೆಕ್ಟರ್ ಓದುತ್ತ ಶೇಷಗಿರಿಯ ಕಂಪ್ಯೂಟರಿನ ಸಾಲಿಗೆ ಬಂದಾಗ ಅವರನ್ನು ತಡೆದು, ಊದಿದ ಬೆರಳಿನಿಂದ ಅದಕ್ಕೂ ಮೇಲಿನ ಸಾಲು ತೋರಿಸಿದ. ಅಧಿಕಾರ ಕೊಟ್ಟವರು: ತೋಂಟೇಶ.

"ಯಹಾಂ ಸೇ ಪಢಿಯೇ, ಸಾಹಬ್," ಇಲ್ಲಿಂದ ಓದಿ ಎಂದ. ಆಮೇಲೆ ಸುಭದ್ರಾಳ ಕಡೆ ತಿರುಗಿದ. "ಮೊದಲನೇ ತಪ್ಪು ನಂದ, ಅಕ್ಕಾ. ಬಾಗಿಲು ತೆಗದಿಟ್ಟಾಂವ ನಾನು."

ಸುಭದ್ರಾ ಬಗ್ಗಿ ಮೇಜಿನ ಕೆಳಗಿನ ಚಪ್ಪಲಿ ಎತ್ತಿಕೊಂಡು ಹೊಡೆದಳು. ತೋಂಟೇಶ ಈ ಸಲವೂ ಕೈ ಅಡ್ಡ ಹಿಡಿಯಲಿಲ್ಲ.